ಟ್ರಾಂಬೆಯ ಅಯೋಡಿನ್ ಮತ್ತು ನಮ್ಮ ಮನೆಯ ಗುಂಡ

ವರ್ತಕ ನಗರದ ನಮ್ಮ ಮನೆಯ ಬೆಕ್ಕಿನ ಹೆಸರು ಗುಂಡ. ವಯಸ್ಸು 13. ಹೆಸರಿಗೆ ತಕ್ಕ ಹಾಗೆ ಗುಂಡುಗುಂಡಾಗಿಯೇ ಇದ್ದವನು ಕಳೆದ ಮಳೆಗಾಲದಲ್ಲಿ ಸೊರಗತೊಡಗಿದ. ಊಟ ಬಿಟ್ಟಿದ್ದರೆ ಬೇರೆ ಮಾತು. ಇವನು ಮೊದಲಿನ ಎರಡರಷ್ಟು ತಿನ್ನುತ್ತಿದ್ದ. ರಾತ್ರಿ ಎರಡು ಗಂಟೆಗೆ ಎದ್ದು ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಕೂಗುತ್ತ ಓಡಾಡುತ್ತಿದ್ದ. ವಯಸ್ಸಾಯಿತಲ್ಲ ಎಂದು ನಾವೂ ಸುಮ್ಮನಿದ್ದೆವು. ತೂಕ ಐದೂವರೆ ಕೆ.ಜಿ.ಯಿಂದ ಮೂರೂವರೆಗೆ ಇಳಿದಾಗ ಹೆದರಿ ಪಶುವೈದ್ಯರ ಬಳಿ ಒಯ್ದೆವು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನು ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು.

ಮುದಿ ಬೆಕ್ಕುಗಳಲ್ಲಿ ಇದು ಅಪರೂಪದ ಕಾಯಿಲೆ ಏನಲ್ಲವಂತೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಲಂಗುಲಗಾಮಿಲ್ಲದೆ ಹಾರ್ಮೋನು ಸುರಿಸುತ್ತದೆ, ದೇಹ ತನ್ನನ್ನು ತಾನೇ ಉರಿಸಿಕೊಳ್ಳುತ್ತದೆ, ಹೃದಯ ಓಡುತ್ತಲೇ ಇರುತ್ತದೆ. ಡಾಕ್ಟರು ನಾಲ್ಕು ದಾರಿ ಹೇಳಿದರು. ಜೀವನಪೂರ್ತಿ ದಿನವೂ ಮಾತ್ರೆ, ಶಸ್ತ್ರಚಿಕಿತ್ಸೆ, ಅಯೋಡಿನ್ ಕಡಿಮೆ ಇರುವ ವಿಶೇಷ ಆಹಾರ, ಇಲ್ಲವೇ ವಿಕಿರಣಶೀಲ ಅಯೋಡಿನ್‌ನ ಒಂದೇ ಒಂದು ಇಂಜೆಕ್ಷನ್. ಕೊನೆಯದನ್ನು ಅಮೆರಿಕದಲ್ಲಿ 1980ರ ಸುಮಾರಿನಿಂದ ಬೆಕ್ಕುಗಳಿಗೆ ಕೊಡುತ್ತಿದ್ದಾರೆ. ನೂರರಲ್ಲಿ ಸುಮಾರು 95 ಬೆಕ್ಕುಗಳು ಪೂರ್ತಿ ಗುಣವಾಗುತ್ತವೆ. ನಾವು ಫೋನ್ ಮಾಡಿ ವಿಚಾರಿಸಿದ ಕಡೆಯಲ್ಲೆಲ್ಲ ಬೆಕ್ಕುಗಳಿಗೆ ಆ ಸೌಲಭ್ಯ ಸಿಗಲಿಲ್ಲ.

ಬೇಸರದ ನಡುವೆ ನೆನಪಾದದ್ದು ಧಾರವಾಡದ ನಮ್ಮಕ್ಕ. ಹಲವು ವರ್ಷಗಳ ಹಿಂದೆ ಅವಳಿಗೂ ಇದೇ ತೊಂದರೆ ಇತ್ತು. ಮುಂಬಯಿಗೆ ಬಂದು ಇದೇ ಅಯೋಡಿನ್ ತೆಗೆದುಕೊಂಡು ಹೋದಳು. ಅದು ತಯಾರಾಗುವುದು ನಮ್ಮ ಖಾಡಿಯ ದಡದಲ್ಲಿ, ಟ್ರಾಂಬೆಯಲ್ಲಿ. ಅಲ್ಲಿಗೆ ಅದನ್ನು ತಂದವರು ಹೋಮಿ ಜಹಾಂಗೀರ್ ಭಾಭಾ. ಭಾಭಾ ಎಂದರೆ ಅಣುಬಾಂಬು, ಅಣು ವಿದ್ಯುತ್ ಎಂದಷ್ಟೇ ತಿಳಿದಿದ್ದ ನಾನು ಗುಂಡನ ದೆಸೆಯಿಂದ ಅವರ ಬದುಕನ್ನು ಮತ್ತೊಮ್ಮೆ ಓದಿದೆ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯಲ್ಲಿ. ಆದರೆ ಆ ಪಾರ್ಸಿ ಮನೆತನಕ್ಕೂ ನಮ್ಮ ಮೈಸೂರು ಸಂಸ್ಥಾನಕ್ಕೂ ಹತ್ತಿರದ ನಂಟಿತ್ತು. ತಾತ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಬೆಳೆದದ್ದು ಬೆಂಗಳೂರಿನಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಓದಿ, ಮೈಸೂರಿನ ನ್ಯಾಯಾಂಗ ಸೇವೆಯಲ್ಲಿ ವೃತ್ತಿ ಆರಂಭಿಸಿ, ಆಮೇಲೆ ಮುಂಬಯಿಗೆ ಬಂದು ನೆಲೆಸಿದರು. ಸೋದರತ್ತೆ ಮೆಹರ್‌ಬಾಯಿಯ ಶಾಲೆಯೂ ಬೆಂಗಳೂರಿನದೇ. 1898ರಲ್ಲಿ ಅವರು ಜಮ್‌ಶೆಡ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿಯವರ ಕೈ ಹಿಡಿದರು. ನೌಕರಿ ಹಿಡಿದು ಮುಂಬಯಿಗೆ ಬಂದ ನಮ್ಮಂಥವರ ದಾರಿಯಲ್ಲೇ ಆ ಕುಟುಂಬ ನಮಗಿಂತ ಎಷ್ಟೋ ಮೊದಲು ಬಂದಿತ್ತು.

ಈ ಸೋದರತ್ತೆಯ ಹೆಸರನ್ನು ನೆನಪಿಟ್ಟುಕೊಳ್ಳಬೇಕು. 1931ರಲ್ಲಿ ಅವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆ ನೋವಿನಲ್ಲಿ ದೊರಾಬ್‌ಜಿಯವರು ಭಾರತದಲ್ಲೊಂದು ಕ್ಯಾನ್ಸರ್ ಆಸ್ಪತ್ರೆ ಆಗಬೇಕೆಂದು ಬಯಸಿದರು. ಅವರೂ ಮರುವರ್ಷವೇ ಹೋದರು. ಅವರ ಹೆಸರಿನ ಟ್ರಸ್ಟ್ ಆ ಬಯಕೆಯನ್ನು ಈಡೇರಿಸಿತು. ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆದುಕೊಂಡಿತು.

ಹುಡುಗ ಹೋಮಿ ಎಂಜಿನಿಯರ್ ಆಗಿ ಬಂದು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಎಣಿಕೆಯಾಗಿತ್ತು. 1927ರಲ್ಲಿ ಕೇಂಬ್ರಿಜ್‌ಗೆ ಹೋದ ಹುಡುಗನಿಗೆ ಭೌತವಿಜ್ಞಾನದ ಹುಚ್ಚು ಹಿಡಿಯಿತು. ತನ್ನ ದಾರಿ ಅದೇ, ಬೇರೆ ಕೆಲಸ ತನ್ನಿಂದಾಗದು ಎಂದು ತಂದೆಗೆ ಬರೆದರು. ತಂದೆಯೂ ಲೆಕ್ಕಾಚಾರದ ಮನುಷ್ಯ. ಮೊದಲು ಎಂಜಿನಿಯರಿಂಗ್‌ನಲ್ಲಿ ಮೊದಲ ದರ್ಜೆ ಪಡೆ, ಆಮೇಲೆ ನಿನ್ನಿಷ್ಟದ್ದನ್ನು ಓದಿಸುತ್ತೇನೆ ಎಂದು ಕರಾರು ಹಾಕಿದರು. 1930ರಲ್ಲಿ ಮಗ ಮೊದಲ ದರ್ಜೆ ತಂದರು, ತಂದೆ ಮಾತು ಉಳಿಸಿಕೊಂಡರು. ಮುಂದಿನ ಏಳೆಂಟು ವರ್ಷಗಳಲ್ಲಿ ಭಾಭಾ ಹೆಸರು ಯುರೋಪಿನ ಭೌತವಿಜ್ಞಾನಿಗಳಿಗೆ ಪರಿಚಿತವಾಯಿತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿಯಾಗಿ ಚದುರುವ ಬಗೆಗೆ ಇಂದಿಗೂ ಅವರದೇ ಹೆಸರಿದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದು ಕಣಗಳ ಮಳೆಯಾಗುವುದು ಹೇಗೆಂಬುದನ್ನು 1937ರಲ್ಲಿ ಹೈಟ್ಲರ್ ಎಂಬ ವಿಜ್ಞಾನಿಯ ಜತೆ ಸೇರಿ ವಿವರಿಸಿದರು.

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದರು. ಯುರೋಪಿನಲ್ಲಿ ಯುದ್ಧ ಶುರುವಾಯಿತು, ವಾಪಸ್ ಹೋಗುವ ದಾರಿ ಮುಚ್ಚಿತು. ಹಾಗೆ ಅವರು ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಭೌತವಿಜ್ಞಾನ ವಿಭಾಗದಲ್ಲಿ ರೀಡರ್ ಆದರು. ಕಾಸ್ಮಿಕ್ ಕಿರಣಗಳ ಸಂಶೋಧನೆಗೆ ಪ್ರತ್ಯೇಕ ಘಟಕ ಕಟ್ಟಿದರು. 1941ರಲ್ಲಿ, 31ನೇ ವಯಸ್ಸಿಗೆ, ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಚಿತ್ರ ಬರೆಯುತ್ತಿದ್ದರು, ಪಾಶ್ಚಾತ್ಯ ಸಂಗೀತದಲ್ಲಿ ಮುಳುಗುತ್ತಿದ್ದರು. ಇಂಥ ಬಹುಮುಖ ಪ್ರತಿಭೆಯನ್ನು ರಾಮನ್ ಅವರು ಲಿಯೊನಾರ್ಡೊ ಡಾ ವಿಂಚಿಗೆ ಹೋಲಿಸಿದ್ದುಂಟು. ಇದೇ ಸಂಗೀತದ ನೆಪದಲ್ಲಿ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ತರುಣ ರಾಜಾ ರಾಮಣ್ಣ 1944ರಲ್ಲಿ ಅವರಿಗೆ ಪರಿಚಯವಾದರು. ಪಿಯಾನೊ ನುಡಿಸುತ್ತಿದ್ದ ಆ ಹುಡುಗನೇ ಮುಂದೆ ಟ್ರಾಂಬೆಯ ನಿರ್ದೇಶಕರಾದರು.

ಭಾಭಾ ಬೆಂಗಳೂರಿನಲ್ಲಿದ್ದ ಅದೇ 1941ರ ಮಾರ್ಚ್‌ನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಇನ್ನೊಂದು ಘಟನೆ ನಡೆಯಿತು. ಸಾಲ್ ಹರ್ಟ್ಜ್ ಎಂಬ ವೈದ್ಯರು ಥೈರಾಯ್ಡ್ ಅತಿಯಾಗಿದ್ದ ರೋಗಿಯೊಬ್ಬರಿಗೆ ಮೊದಲ ಬಾರಿ ವಿಕಿರಣಶೀಲ ಅಯೋಡಿನ್ ಕುಡಿಸಿದರು. ಇದರ ತರ್ಕ ಸರಳ. ನಾವು ತಿನ್ನುವ ಅಯೋಡಿನ್ನನ್ನು ದೇಹದಲ್ಲಿ ಥೈರಾಯ್ಡ್ ಗ್ರಂಥಿಯೇ ಹೀರಿಕೊಳ್ಳುತ್ತದೆ. ವಿಕಿರಣ ಸೂಸುವ ಅಯೋಡಿನ್ ಕೊಟ್ಟರೆ ಅದನ್ನೂ ಹೀರಿಕೊಳ್ಳುತ್ತದೆ. ಅದರ ಬೀಟಾ ಕಿರಣಗಳು ಹೋಗುವುದು ಒಂದೆರಡು ಮಿಲಿಮೀಟರ್ ಮಾತ್ರ. ಹೆಚ್ಚು ಹಸಿದ ಕೋಶಗಳೇ ಹೆಚ್ಚು ತಿಂದು ಸಾಯುತ್ತವೆ, ಸುಮ್ಮನೆ ಮಲಗಿದ್ದ ಒಳ್ಳೆಯ ಕೋಶಗಳು ಬಹುಪಾಲು ಉಳಿಯುತ್ತವೆ. ಮನುಷ್ಯರಿಗೂ ಬೆಕ್ಕಿಗೂ ಲೆಕ್ಕ ಒಂದೇ. ಬೆಕ್ಕಿಗಾದರೆ ಸಾಮಾನ್ಯವಾಗಿ 2ರಿಂದ 5 ಮಿಲಿಕ್ಯೂರಿ ಸಾಕು.

ಯುದ್ಧ ಮುಗಿಯುವ ಹೊತ್ತಿಗೆ ಭಾಭಾ ಅವರ ಮನಸ್ಸು ಬದಲಾಗಿತ್ತು. ಕೇಂಬ್ರಿಜ್‌ಗೆ ಮರಳುವ ಆಸೆ ಬಿಟ್ಟರು. 1944ರ ಮಾರ್ಚ್ 12ರಂದು ದೊರಾಬ್‌ಜಿ ಟಾಟಾ ಟ್ರಸ್ಟ್‌ಗೆ ಬೆಂಗಳೂರಿನಿಂದ ಪತ್ರ ಬರೆದು ಮೂಲವಿಜ್ಞಾನದ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿಕೊಡಲು ಕೇಳಿದರು. ಮುಂದೆ ಅಣುಶಕ್ತಿಯಿಂದ ವಿದ್ಯುತ್ ತೆಗೆಯುವ ಕಾಲ ಬಂದಾಗ ತಜ್ಞರಿಗಾಗಿ ಭಾರತ ಹೊರದೇಶದ ಕಡೆ ನೋಡಬಾರದು ಎಂಬುದು ಪತ್ರದ ಸಾರ. ಹಿರೋಶಿಮಾಕ್ಕೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲವಿತ್ತು ಎಂಬುದನ್ನು ಗಮನಿಸಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಕಣ್ಣು ಬಿಟ್ಟಿತು. ವರ್ಷದ ಕೊನೆಗೆ ಮುಂಬಯಿಯ ಪೆಡ್ಡರ್ ರಸ್ತೆಯ ಬಂಗಲೆಯೊಂದಕ್ಕೆ ಬಂತು. ಬೆಂಗಳೂರಿನ ಪಾಲಿಗೆ ಅದೊಂದು ಕಳೆದುಕೊಂಡ ಕೂಸು.

ಮುಂದಿನದು ಓಟದ ಕಥೆ. 1948ರಲ್ಲಿ ಅಣುಶಕ್ತಿ ಆಯೋಗ ಸ್ಥಾಪನೆಯಾಯಿತು, ಭಾಭಾ ಅಧ್ಯಕ್ಷರಾದರು. 1954ರಲ್ಲಿ ಟ್ರಾಂಬೆಯಲ್ಲಿ ಅಣುಶಕ್ತಿ ಕೇಂದ್ರ ಆರಂಭವಾಯಿತು. 1956ರ ಆಗಸ್ಟ್ 4ರ ಮಧ್ಯಾಹ್ನ ಅಪ್ಸರಾ ರಿಯಾಕ್ಟರ್ ಚಾಲನೆಗೊಂಡಿತು. ಇಂಧನ ಬ್ರಿಟನ್ನಿನಿಂದ ಬಂದದ್ದಾದರೂ ವಿನ್ಯಾಸ, ನಿರ್ಮಾಣ ಇಲ್ಲಿಯವರದೇ. ನೀರಿನ ಕೊಳದಲ್ಲಿ ಇಳಿಬಿಟ್ಟ ಆ ರಿಯಾಕ್ಟರಿನ ನೀಲಿ ಬೆಳಕು ನೋಡಿ ನೆಹರೂ ಅದಕ್ಕೆ ಅಪ್ಸರೆಯ ಹೆಸರಿಟ್ಟರು. 1960ರ ಜುಲೈನಲ್ಲಿ ಕೆನಡಾದ ನೆರವಿನಿಂದ ಕಟ್ಟಿದ 40 ಮೆಗಾವಾಟ್‌ನ ಸೈರಸ್ ಬಂತು.

ನನ್ನ ಕಥೆಯ ಅಯೋಡಿನ್ ಇರುವುದು ಇಲ್ಲಿ. ಟೆಲ್ಲುರಿಯಂ ಎಂಬ ಧಾತುವನ್ನು ರಿಯಾಕ್ಟರಿನೊಳಗೆ ಇಟ್ಟರೆ ನ್ಯೂಟ್ರಾನ್‌ಗಳ ಹೊಡೆತಕ್ಕೆ ಅದರ ಒಂದು ಭಾಗ ಅಯೋಡಿನ್-131 ಆಗುತ್ತದೆ. ಹೊರತೆಗೆದು ಕಾಸಿದರೆ ಅಯೋಡಿನ್ ಆವಿಯಾಗಿ ಬೇರ್ಪಡುತ್ತದೆ. ಇದನ್ನು ಗೋದಾಮಿನಲ್ಲಿ ಕೂಡಿಡುವಂತಿಲ್ಲ. ಎಂಟು ದಿನಕ್ಕೆ ಅದರ ಶಕ್ತಿ ಅರ್ಧವಾಗುತ್ತದೆ, ಹದಿನಾರು ದಿನಕ್ಕೆ ಕಾಲು ಭಾಗ, ಎಂಬತ್ತು ದಿನಕ್ಕೆ ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಹೊರದೇಶದಿಂದ ತರಿಸಿದರೆ ದಾರಿಯಲ್ಲೇ ಒಂದಿಷ್ಟು ಕರಗಿಹೋಗುತ್ತದೆ. ಪರರ ಕಡೆ ನೋಡಬಾರದು ಎಂಬ ಭಾಭಾ ಅವರ ಹಟ ಬಾಂಬು, ವಿದ್ಯುತ್ತಿನ ಮಾತು ಬಂದಾಗ ದೊಡ್ಡಸ್ತಿಕೆಯಂತೆ ಕೇಳಿಸಬಹುದು. ಎಂಟು ದಿನಕ್ಕೆ ಅರ್ಧವಾಗುವ ಈ ಔಷಧಿಯ ಮುಂದೆ ಅದು ಬರೀ ವ್ಯವಹಾರಜ್ಞಾನ.

ಔಷಧಿ ಮಾಡಿದರೆ ಸಾಲದು, ಕೊಡುವ ಜಾಗ ಬೇಕು. ಸೋದರತ್ತೆಯ ಸಾವಿನಿಂದ ಹುಟ್ಟಿದ ಟಾಟಾ ಸ್ಮಾರಕ ಆಸ್ಪತ್ರೆ 1962ರಲ್ಲಿ ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಬಂತು. ಆರೋಗ್ಯ ಇಲಾಖೆ ಇರುವಾಗ ಕ್ಯಾನ್ಸರ್ ಆಸ್ಪತ್ರೆ ಅಣುಶಕ್ತಿಯವರಿಗೇಕೆ ಎಂದು ಯಾರಿಗಾದರೂ ಅನಿಸಬಹುದು. ಭಾಭಾ ಅವರಿಗೆ ಆ ನಂಟು ಸ್ಪಷ್ಟವಾಗಿತ್ತು. ಮರುವರ್ಷ, 1963ರಲ್ಲಿ, ಪರೇಲ್‌ನಲ್ಲೇ ವಿಕಿರಣ ವೈದ್ಯಕೀಯ ಕೇಂದ್ರ ಆರಂಭವಾಯಿತು. ಥೈರಾಯ್ಡ್ ರೋಗಿಗಳಿಗೆ ಅದು ದೊಡ್ಡ ಆಸರೆಯಾಯಿತು.

ಈ ಬದುಕನ್ನು ಬರೀ ಹೊಗಳಿ ಮುಗಿಸುವುದು ಸರಿಯಲ್ಲ. ಅಯೋಡಿನ್ ಕೊಟ್ಟ ಸೈರಸ್ ರಿಯಾಕ್ಟರೇ 1974ರ ಪೋಖ್ರಣ್ ಸ್ಫೋಟಕ್ಕೆ ಪ್ಲುಟೋನಿಯಂ ಒದಗಿಸಿತು. ಶಾಂತಿಯ ಕೆಲಸಕ್ಕೆಂದು ಕೊಟ್ಟದ್ದು ಹೀಗಾಯಿತೆಂದು ಕೆನಡಾ ಸಿಟ್ಟಾಗಿ ಅಣು ಸಹಕಾರ ನಿಲ್ಲಿಸಿತು. ವರ್ತಕ ನಗರದ ನಮ್ಮ ಪಕ್ಕದ ದಾರಿಗೂ ಪೋಖ್ರಣ್ ರಸ್ತೆ ಎಂದೇ ಹೆಸರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಆ ರಸ್ತೆಯಲ್ಲಿ ರಿಕ್ಷಾದಲ್ಲಿ ಹೋಗುವಾಗ ಒಂದೇ ಒಲೆಯಲ್ಲಿ ಎರಡೂ ಬೆಂದದ್ದು ನೆನಪಾಗುತ್ತದೆ.

ಸ್ಫೋಟವನ್ನು ನೋಡಲು ಭಾಭಾ ಇರಲಿಲ್ಲ. 1966ರ ಜನವರಿ 24ರ ಬೆಳಿಗ್ಗೆ, ವಿಯೆನ್ನಾದ ಸಭೆಗೆಂದು ಅವರು ಹೊರಟಿದ್ದ ಏರ್ ಇಂಡಿಯಾದ ಕಾಂಚನಜಂಗಾ ವಿಮಾನ ಜಿನೀವಾದಲ್ಲಿ ಇಳಿಯುವ ಮುನ್ನ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. ಅದರಲ್ಲಿದ್ದ 117 ಮಂದಿಯೂ ಸತ್ತರು. ದೆಹಲಿಯಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಅದೇ ದಿನ. ಭಾಭಾ ಅವರಿಗೆ ಆಗ 56 ವರ್ಷ. ಮದುವೆಯಾಗಿರಲಿಲ್ಲ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಡಲಾಯಿತು.

ಕೆಲಸ ನಿಲ್ಲಲಿಲ್ಲ. 1985ರಲ್ಲಿ 100 ಮೆಗಾವಾಟ್‌ನ ಧ್ರುವ ರಿಯಾಕ್ಟರ್ ಬಂತು. ಐಸೊಟೋಪ್‌ಗಳನ್ನು ಆಸ್ಪತ್ರೆಗಳಿಗೆ ತಲುಪಿಸಲು 1989ರಲ್ಲಿ ಬ್ರಿಟ್ ಎಂಬ ಪ್ರತ್ಯೇಕ ಸಂಸ್ಥೆಯಾಯಿತು. ಅದಿರುವುದು ನವಿ ಮುಂಬಯಿಯ ವಾಶಿಯಲ್ಲಿ. ಅಕ್ಕ ಕುಡಿದ ಅಯೋಡಿನ್ ಅವಳ ಗಂಟಲಲ್ಲಿ ಇಳಿದದ್ದು ಒಂದು ಕ್ಷಣ. ಅದರ ಹಿಂದೆ ಬೆಂಗಳೂರಿನ ಒಂದು ಪತ್ರ, ಖಾಡಿಯ ದಡದ ಒಂದು ಕೊಳ, ಪರೇಲ್‌ನ ಒಂದು ಆಸ್ಪತ್ರೆ ಇದ್ದವು ಎಂಬುದು ಅವಳಿಗೂ ಗೊತ್ತಿರಲಿಲ್ಲ, ಜತೆಗೆ ಹೋಗಿದ್ದ ನನಗೂ ಗೊತ್ತಿರಲಿಲ್ಲ.

ಹಾಗಾದರೆ ಗುಂಡನಿಗೇಕೆ ಸಿಗಲಿಲ್ಲ? ಡಾಕ್ಟರರು ಬಿಡಿಸಿ ಹೇಳಿದರು. ವಿಕಿರಣ ವಸ್ತುವನ್ನು ಬಳಸಲು ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ತರಬೇತಾದ ಸಿಬ್ಬಂದಿ ಬೇಕು. ಇಂಜೆಕ್ಷನ್ ಆದ ಬೆಕ್ಕಿನ ಮೈಯಿಂದ ಕೆಲವು ದಿನ ಕಿರಣ ಹೊರಡುತ್ತಿರುವುದರಿಂದ ಅದನ್ನು ಪ್ರತ್ಯೇಕ ಕೋಣೆಯಲ್ಲಿಡಬೇಕು, ಅದರ ಮಲಮೂತ್ರವನ್ನೂ ಜೋಪಾನವಾಗಿ ವಿಲೇವಾರಿ ಮಾಡಬೇಕು. ಕೇಳಿಸಿಕೊಂಡಾಗ ನನಗನಿಸಿದ್ದು ಇಷ್ಟು. ಇದರಲ್ಲಿ ಅತಿ ಕಷ್ಟದ ಭಾಗವಾದ ಅಯೋಡಿನ್ ತಯಾರಿಕೆಯನ್ನು ಅರವತ್ತು ವರ್ಷದ ಹಿಂದೆಯೇ ಮಾಡಿ ಇಟ್ಟಿದ್ದಾರೆ. ಉಳಿದಿರುವುದು ಒಂದು ಕೋಣೆ, ಒಂದು ಪರವಾನಗಿ ಮತ್ತು ಮನಸ್ಸು ಮಾಡುವ ಕೆಲವರು.

ಸದ್ಯಕ್ಕೆ ಗುಂಡನಿಗೆ ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಮಾತ್ರೆ. ಮೀನಿನ ತುಂಡಿನಲ್ಲಿ ಅಡಗಿಸಿ ಕೊಟ್ಟರೆ ಮೀನು ತಿಂದು ಮಾತ್ರೆ ಉಗಿಯುತ್ತಾನೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗುತ್ತದೆ. ಹಾರ್ಮೋನು ಇಳಿದ ಮೇಲೆ ಮುದಿ ಬೆಕ್ಕುಗಳ ಕಿಡ್ನಿಯ ತೊಂದರೆ ಬಯಲಾಗುವುದುಂಟಂತೆ, ಅದರ ಮೇಲೂ ಕಣ್ಣಿಡಬೇಕು. ತೂಕ ನಾಲ್ಕು ಕೆ.ಜಿ. ದಾಟಿದೆ. ರಾತ್ರಿಯ ಕೂಗು ನಿಂತಿದೆ.

ಕೆಲಸದ ಮೇಲೆ ವಾಶಿಗೆ ಹೋದಾಗ ಕೆಲವೊಮ್ಮೆ ಮಾನಖುರ್ದ್ ಕಡೆಯ ಲೋಕಲ್ ಹಿಡಿಯುತ್ತೇನೆ. ರೈಲು ಖಾಡಿಯ ಸೇತುವೆ ಮೇಲೆ ಬಂದಾಗ ಎಡಕ್ಕೆ ದೂರದಲ್ಲಿ ಟ್ರಾಂಬೆಯ ಗುಡ್ಡ ಕಾಣುತ್ತದೆ. ಎಷ್ಟೋ ವರ್ಷ ಅದನ್ನು ನೋಡದೆಯೇ ದಾಟಿದ್ದೇನೆ. ಈಗ ಮೊಬೈಲ್ ಕೆಳಗಿಟ್ಟು ಒಮ್ಮೆ ನೋಡುತ್ತೇನೆ.