ಎಗಾಸ್ ಮೋನಿಜ್: ಕುತ್ತಿಗೆಯ ರಕ್ತನಾಳ ತೋರಿಸಿದ ವೈದ್ಯ

ದವಡೆಯ ಕೆಳಗೆ, ಕುತ್ತಿಗೆಯ ಪಕ್ಕಕ್ಕೆ ಎರಡು ಬೆರಳು ಮೆಲ್ಲಗೆ ಇಟ್ಟು ನೋಡಿ. ಒಂದು ಕಡೆ ಮಾತ್ರ ಇಡಿ, ಎರಡೂ ಕಡೆ ಒಟ್ಟಿಗೆ ಒತ್ತಬೇಡಿ. ಅಲ್ಲಿ ಬಡಿಯುತ್ತಿರೋದು ಕ್ಯಾರೋಟಿಡ್ ಅಪಧಮನಿ. ಮೆದುಳಿಗೆ ಹೋಗುವ ರಕ್ತದಲ್ಲಿ ಹೆಚ್ಚಿನ ಪಾಲು ಎಡಬಲದ ಈ ಎರಡು ನಾಳಗಳಲ್ಲೇ ಹೋಗುತ್ತದೆ. ದವಡೆಯ ಹತ್ತಿರ ಇದು ಎರಡು ಕವಲಾಗುತ್ತದೆ, ಆ ಕವಲಿನಲ್ಲೇ ಕೊಬ್ಬು ಕಟ್ಟಿಕೊಳ್ಳೋದು ಜಾಸ್ತಿ. ಅದಕ್ಕೆ ಪ್ಲಾಕ್ ಅಂತಾರೆ. ಅದು ಒಡೆದು ಒಂದು ಚೂರು ಮೇಲೆ ಹೋಗಿ ಮೆದುಳಿನ ಸಣ್ಣ ನಾಳದಲ್ಲಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ಲಕ್ವ ಹೊಡೀತು ಅಂತ ನಮ್ಮ ಮನೆಗಳಲ್ಲಿ ಹೇಳ್ತಾರಲ್ಲ, ಅದಕ್ಕಿರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಇವತ್ತು ಈ ನಾಳದ ಒಳಗೆ ಏನಾಗಿದೆ ಅಂತ ಎಂಆರ್‌ಐ ಸ್ಕ್ಯಾನಿನಲ್ಲಿ ನೋಡಬಹುದು. ಆದರೆ ಬದುಕಿರುವ ಮನುಷ್ಯನಲ್ಲಿ ಇದನ್ನು ಮೊದಲು ಚಿತ್ರವಾಗಿ ತೋರಿಸಿದವರು ಪೋರ್ಚುಗಲ್ ದೇಶದ ಎಗಾಸ್ ಮೋನಿಜ್. ಅವರ ಹೆಸರು ನಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ಆದರೆ ಬೇರೆ ಕಾರಣಕ್ಕೆ. ಆ ಕಾರಣಕ್ಕೂ ಬರ್ತೀವಿ.

ಮೋನಿಜ್ ಹುಟ್ಟಿದ್ದು 1874ರ ನವೆಂಬರ್ 29ರಂದು, ಅವಾಂಕಾ ಎಂಬ ಹಳ್ಳಿಯಲ್ಲಿ. ಎಗಾಸ್ ಮೋನಿಜ್ ಅನ್ನೋದು ಪೋರ್ಚುಗಲ್ ಇತಿಹಾಸದ ಒಬ್ಬ ಹಳೆಯ ವೀರನ ಹೆಸರು. ಪಾದ್ರಿಯಾಗಿದ್ದ ಸಂಬಂಧಿಕರೊಬ್ಬರು ಹುಡುಗನಿಗೆ ಅದನ್ನು ಸೇರಿಸಿ ಇಟ್ಟರು. ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1899ರಲ್ಲಿ ಪದವಿ ಪಡೆದರು. ಹರೆಯದಲ್ಲೇ ಗೌಟ್ ಎಂಬ ಕೀಲುನೋವು ಶುರುವಾಗಿ ಕೈಬೆರಳುಗಳು ಸೊಟ್ಟಗಾದವು. ಅದಕ್ಕೇ ಮುಂದೆ ಅವರ ಹೆಸರಿನಲ್ಲಿ ನಡೆದ ಎಷ್ಟೋ ಶಸ್ತ್ರಕ್ರಿಯೆಗಳನ್ನು ನಿಜವಾಗಿ ಕೈಯಾರೆ ಮಾಡಿದ್ದು ಅವರ ಜೊತೆಗಾರ ಆಲ್ಮೇಡಾ ಲಿಮಾ.

1911ರಲ್ಲಿ ಮೋನಿಜ್ ಲಿಸ್ಬನ್‌ನಲ್ಲಿ ನರರೋಗಶಾಸ್ತ್ರದ ಪ್ರೊಫೆಸರ್ ಆದರು. ಅದರ ಜೊತೆಗೇ ರಾಜಕೀಯ. ಸಂಸತ್ ಸದಸ್ಯ, ಸ್ಪೇನ್‌ಗೆ ರಾಯಭಾರಿ, 1918ರಲ್ಲಿ ವಿದೇಶಾಂಗ ಸಚಿವ. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಹೋದ ಪೋರ್ಚುಗಲ್ ನಿಯೋಗಕ್ಕೂ ಅವರೇ ಮುಖ್ಯಸ್ಥ. ಆಮೇಲೆ ರಾಜಕೀಯ ಬಿಟ್ಟು ಪೂರ್ತಿ ಸಂಶೋಧನೆಗೆ ಇಳಿದಾಗ ವಯಸ್ಸು ಐವತ್ತರ ಹತ್ತಿರ.

ಆಗಿನ ಸಮಸ್ಯೆ ಇದು. ಎಕ್ಸ್‌ರೇ ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ, ಮೆದುಳನ್ನೂ ರಕ್ತನಾಳವನ್ನೂ ತೋರಿಸೋದಿಲ್ಲ. ತಲೆಯಲ್ಲಿ ಗೆಡ್ಡೆ ಎಲ್ಲಿದೆ ಅಂತ ಡಾಕ್ಟರುಗಳು ಲಕ್ಷಣ ನೋಡಿ ಊಹಿಸಬೇಕಿತ್ತು. ಎಕ್ಸ್‌ರೇಯನ್ನು ತಡೆಯುವ ದ್ರಾವಣವನ್ನು ಕ್ಯಾರೋಟಿಡ್‌ಗೆ ಹಾಕಿದರೆ ಮೆದುಳಿನ ನಾಳಗಳೆಲ್ಲ ಕಾಣಬೇಕು, ಗೆಡ್ಡೆ ಇರುವ ಕಡೆ ನಾಳಗಳು ಪಕ್ಕಕ್ಕೆ ಸರಿದಿರಬೇಕು ಅನ್ನೋದು ಮೋನಿಜ್ ಅವರ ಯೋಚನೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸಿಗ್ನಲ್ ಇಲ್ಲದ ಕಡೆ ಕಾಂಟ್ರಾಸ್ಟ್ ಹಾಕಿ ಸಿಗ್ನಲ್ ತರೋದು.

ಯಾವ ದ್ರಾವಣ? ಎಕ್ಸ್‌ರೇಯಲ್ಲಿ ಕಾಣುವಷ್ಟು ಗಟ್ಟಿ ಇರಬೇಕು, ರಕ್ತದಲ್ಲಿ ಬೆರೆಯಬೇಕು, ರೋಗಿ ಸಾಯಬಾರದು. ಅವರ ತಂಡ ಬ್ರೋಮೈಡುಗಳನ್ನೂ ಅಯೋಡೈಡುಗಳನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಪರೀಕ್ಷೆ ಮಾಡಿತು. ನಾಯಿಗಳ ಮೇಲೆ, ಶವಗಳ ಮೇಲೆ ಪ್ರಯೋಗ ಮಾಡಿ, ಆಮೇಲೆ ರೋಗಿಗಳ ಹತ್ತಿರ ಹೋದರು. ಆದರೂ ಮೊದಲ ಪ್ರಯತ್ನಗಳು ಕೈಕೊಟ್ಟವು. ಸ್ಟ್ರಾನ್ಷಿಯಂ ಬ್ರೋಮೈಡ್ ಹಾಕಿಸಿಕೊಂಡ ಒಬ್ಬ ರೋಗಿ ತೀರಿಹೋದ. ಮೋನಿಜ್ ಕೆಲಸ ನಿಲ್ಲಿಸಿ, ಬ್ರೋಮೈಡ್ ಕೈಬಿಟ್ಟು, ಸೋಡಿಯಂ ಅಯೋಡೈಡ್‌ಗೆ ಬದಲಾಯಿಸಿಕೊಂಡರು. 1927ರ ಜೂನ್ 28ರಂದು ಇಪ್ಪತ್ತು ವರ್ಷದ ಒಬ್ಬ ಯುವಕನ ತಲೆಯ ರಕ್ತನಾಳಗಳು ಫಿಲ್ಮಿನ ಮೇಲೆ ಸ್ಪಷ್ಟವಾಗಿ ಬಂದವು, ಗೆಡ್ಡೆಯಿಂದ ಸರಿದಿದ್ದ ನಾಳವೂ ಸೇರಿ. ಮುಂದಿನ ತಿಂಗಳೇ ಪ್ಯಾರಿಸ್ಸಿನ ನರವೈದ್ಯರ ಮುಂದೆ ಅದನ್ನು ಇಟ್ಟರು. ಇದೇ ಸೆರೆಬ್ರಲ್ ಆಂಜಿಯೋಗ್ರಫಿ.

1937ರಲ್ಲಿ ಮೋನಿಜ್, ಲಿಮಾ ಮತ್ತು ಲಾಸೆರ್ಡಾ ಸೇರಿ ಇನ್ನೊಂದು ವಿಷಯ ಪ್ರಕಟಿಸಿದರು. ದೇಹದ ಒಂದು ಪಾರ್ಶ್ವ ಬಿದ್ದುಹೋದ ಕೆಲವರಲ್ಲಿ ತೊಂದರೆ ಇದ್ದದ್ದು ತಲೆಯೊಳಗಲ್ಲ, ಕುತ್ತಿಗೆಯಲ್ಲಿ ಕ್ಯಾರೋಟಿಡ್ ಮುಚ್ಚಿಹೋಗಿತ್ತು. ಶವಪರೀಕ್ಷೆಯಲ್ಲಿ ಕಾಣುತ್ತಿದ್ದದ್ದು ಈಗ ಬದುಕಿರುವ ರೋಗಿಯಲ್ಲೇ ಕಂಡಿತು. 1950ರ ದಶಕದಲ್ಲಿ ಆ ನಾಳವನ್ನು ಸರಿಪಡಿಸುವ ಶಸ್ತ್ರಕ್ರಿಯೆಗಳೂ ಶುರುವಾದವು.

ಇಲ್ಲಿಗೇ ಕತೆ ಮುಗಿದಿದ್ದರೆ ನಾವು ಚಪ್ಪಾಳೆ ತಟ್ಟಿ ಸುಮ್ಮನಾಗಬಹುದಿತ್ತು.

1935ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ, ಮೆದುಳಿನ ಮುಂಭಾಗ ತೆಗೆದ ಚಿಂಪಾಂಜಿಗಳ ಬಗ್ಗೆ ಒಂದು ವರದಿ ಬಂತು. ಅದರಲ್ಲೊಂದು ಮೊದಲಿನಂತೆ ರೇಗದೆ ಶಾಂತವಾಗಿತ್ತು. ಮಾನಸಿಕ ಕಾಯಿಲೆಯಲ್ಲಿ ಕೆಲವು ಯೋಚನೆಗಳು ನರಗಳ ಜೋಡಣೆಯಲ್ಲೇ ಅಂಟಿಕೊಂಡಿರುತ್ತವೆ, ಆ ಜೋಡಣೆ ಕತ್ತರಿಸಿದರೆ ರೋಗಿ ಸರಿಯಾಗ್ತಾನೆ ಅಂತ ಮೋನಿಜ್ ನಂಬಿದ್ದರು. ಅದೇ ವರ್ಷ ನವೆಂಬರ್ 12ರಂದು ಮೊದಲ ಶಸ್ತ್ರಕ್ರಿಯೆ. ತಲೆಬುರುಡೆಗೆ ತೂತು ಕೊರೆದು, ಮೆದುಳಿನ ಮುಂಭಾಗದ ಬಿಳಿ ಎಳೆಗಳಿಗೆ ಆಲ್ಕೋಹಾಲ್ ಹಾಕಿದರು. ಆಮೇಲೆ ತಂತಿಯ ಕುಣಿಕೆಯಿರುವ ಒಂದು ಉಪಕರಣದಿಂದ ಎಳೆಗಳನ್ನು ಕತ್ತರಿಸತೊಡಗಿದರು. ಹೆಸರು ಲೂಕಾಟಮಿ. ಮುಂದೆ ಲೋಬಾಟಮಿ ಅಂತ ಕುಖ್ಯಾತವಾಯಿತು.

1936ರಲ್ಲೇ 20 ರೋಗಿಗಳ ಫಲಿತಾಂಶ ಪ್ರಕಟವಾಯಿತು. 7 ಮಂದಿ ಗುಣವಾದರು, 7 ಮಂದಿ ಸುಧಾರಿಸಿದರು, 6 ಮಂದಿಯಲ್ಲಿ ಬದಲಾವಣೆ ಇಲ್ಲ ಅಂತ ವರದಿ. ಆದರೆ ಅವರನ್ನು ಗಮನಿಸಿದ್ದು ಎಷ್ಟು ಕಾಲ? ವಾರಗಳು, ಹೆಚ್ಚೆಂದರೆ ಕೆಲವು ತಿಂಗಳು. ರೋಗಿಗಳನ್ನು ಕಳಿಸಿಕೊಟ್ಟಿದ್ದ ಮನೋವೈದ್ಯ ಸೊಬ್ರಾಲ್ ಸಿಡ್ ಅವರೇ ಇದನ್ನು ವಿರೋಧಿಸಿದರು. ರೋಗಿ ಗಲಾಟೆ ಬಿಟ್ಟಿದ್ದಾನೆ ಅಂದರೆ ಗುಣವಾಗಿದ್ದಾನೆ ಅಂತ ಅರ್ಥವಲ್ಲ ಅಲ್ವಾ? ಎಷ್ಟೋ ಜನರಲ್ಲಿ ಕಾಯಿಲೆಯ ಜೊತೆ ಮನುಷ್ಯನೂ ಅರ್ಧ ಹೋಗಿಬಿಟ್ಟಿದ್ದ. ಅಷ್ಟರಲ್ಲಿ ವಿಧಾನ ಅಮೆರಿಕಕ್ಕೆ ಹೋಗಿತ್ತು. ಅಲ್ಲಿ ಹತ್ತಾರು ಸಾವಿರ ಜನರಿಗೆ ಅದನ್ನು ಮಾಡಿದರು. 1949ರ ನೊಬೆಲ್ ಬಹುಮಾನದಲ್ಲಿ ಮೋನಿಜ್‌ಗೆ ಅರ್ಧ ಪಾಲು ಬಂದದ್ದೂ ಇದಕ್ಕೇ, ಆಂಜಿಯೋಗ್ರಫಿಗಲ್ಲ. 1950ರ ದಶಕದಲ್ಲಿ ಮಾನಸಿಕ ಕಾಯಿಲೆಗೆ ಔಷಧಿಗಳು ಬಂದ ಮೇಲೆ ಈ ಶಸ್ತ್ರಕ್ರಿಯೆ ನಿಧಾನಕ್ಕೆ ನಿಂತಿತು. 1955ರ ಡಿಸೆಂಬರ್ 13ರಂದು ಲಿಸ್ಬನ್‌ನಲ್ಲಿ ಮೋನಿಜ್ ತೀರಿಕೊಂಡರು.

ಆಂಜಿಯೋಗ್ರಫಿಯಲ್ಲೂ ಇಂಥದ್ದೇ ಒಂದು ಪಾಠ ಇದೆ. 1930ರ ದಶಕದ ಶುರುವಿನಲ್ಲಿ ಅವರು ಅಯೋಡೈಡ್ ಬಿಟ್ಟು ಥೋರೋಟ್ರಾಸ್ಟ್ ಬಳಸಿದರು. ಚಿತ್ರ ಚೆನ್ನಾಗಿ ಬರುತ್ತಿತ್ತು, ರೋಗಿಗೆ ನೋವೂ ಕಡಿಮೆ. ಆದರೆ ಅದರಲ್ಲಿದ್ದದ್ದು ಥೋರಿಯಂ, ವಿಕಿರಣ ಸೂಸುವ ವಸ್ತು. ಅದು ದೇಹದಿಂದ ಹೊರಗೆ ಹೋಗೋದೇ ಇಲ್ಲ, ಯಕೃತ್ತಿನಲ್ಲಿ ಕೂತುಬಿಡುತ್ತದೆ. ಅದನ್ನು ಹಾಕಿಸಿಕೊಂಡವರಲ್ಲಿ ದಶಕಗಳಾದ ಮೇಲೆ ಕ್ಯಾನ್ಸರ್ ಕಾಣಿಸಿಕೊಂಡಿತು.

ಈಗ ಎಂಆರ್‌ಐಗೆ ಬರೋಣ. ಇದರಲ್ಲಿ ಎಕ್ಸ್‌ರೇ ಇಲ್ಲ. ಬಲವಾದ ಅಯಸ್ಕಾಂತದೊಳಗೆ ದೇಹದ ನೀರಿನಲ್ಲಿರುವ ಹೈಡ್ರೋಜನ್‌ಗೆ ರೇಡಿಯೋ ತರಂಗ ಕೊಟ್ಟು, ಅದು ವಾಪಸ್ ಕೊಡುವ ಸಿಗ್ನಲ್ಲಿನಿಂದ ಚಿತ್ರ ಮಾಡ್ತಾರೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ತರಂಗ ಕೊಟ್ಟರೆ ಅಲ್ಲಾಡದೆ ಇರುವ ಮಾಂಸದ ಸಿಗ್ನಲ್ ಕುಗ್ಗುತ್ತದೆ. ಹೊಸದಾಗಿ ಹರಿದು ಬರುವ ರಕ್ತ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಹೀಗೆ ಸೂಜಿಯೂ ಇಲ್ಲದೆ, ದ್ರಾವಣವೂ ಇಲ್ಲದೆ ಕ್ಯಾರೋಟಿಡ್ ಕಾಣುತ್ತದೆ. ಇದಕ್ಕೆ ಉಲ್ಟಾ, ರಕ್ತವನ್ನು ಕಪ್ಪು ಮಾಡಿ ನಾಳದ ಗೋಡೆಯನ್ನೇ ನೋಡುವ ವಿಧಾನವೂ ಇದೆ. ಮೋನಿಜ್ ಅವರ ಫಿಲ್ಮಿನಲ್ಲಿ ನಾಳದ ಒಳಗಿನ ದಾರಿ ಎಷ್ಟು ಕಿರಿದಾಗಿದೆ ಅನ್ನೋದಷ್ಟೇ ಗೊತ್ತಾಗುತ್ತಿತ್ತು. ಎಂಆರ್‌ಐನಲ್ಲಿ ಪ್ಲಾಕ್ ಒಳಗೆ ಎಷ್ಟು ಕೊಬ್ಬಿದೆ, ಮೇಲಿನ ಪೊರೆ ತೆಳುವಾಗಿದೆಯಾ, ಒಳಗೆ ರಕ್ತ ಸೋರಿದೆಯಾ ಅಂತಲೂ ನೋಡಬಹುದು. ಒಳಗೆ ರಕ್ತ ಸೋರಿದ ಪ್ಲಾಕ್ ಮತ್ತೆ ಸ್ಟ್ರೋಕ್ ತರುವ ಸಾಧ್ಯತೆ ಹೆಚ್ಚು, ದಾರಿ ಅಷ್ಟೇನೂ ಕಿರಿದಾಗಿರದಿದ್ದರೂ ಸಹ.

ವಿಕಿರಣ ಇಲ್ಲದೆ ಇರೋದರಿಂದ ಒಮ್ಮೆ ಸ್ಟ್ರೋಕ್ ಆದವರನ್ನು ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಸ್ಕ್ಯಾನ್ ಮಾಡಿ ಹೋಲಿಸಬಹುದು. ಕೊಲೆಸ್ಟರಾಲ್ ಮಾತ್ರೆ ಕೆಲಸ ಮಾಡ್ತಿದೆಯಾ, ಪ್ಲಾಕ್ ಕುಗ್ಗಿದೆಯಾ ಬೆಳೆದಿದೆಯಾ ಅಂತ ಗೊತ್ತಾಗುತ್ತದೆ.

ನಮಗೆ ಮೋನಿಜ್ ಜೀವನದಲ್ಲಿ ಎದ್ದು ಕಾಣೋದು ಇದೇ ವ್ಯತ್ಯಾಸ. ಅದೇ ಮನುಷ್ಯ, ಅದೇ ಬುದ್ಧಿ. 1927ರಲ್ಲಿ ಹೆಜ್ಜೆ ಹೆಜ್ಜೆಗೂ ಪರೀಕ್ಷೆ ಮಾಡಿದರು, ಒಂದು ಸಾವು ಆದಾಗ ನಿಂತು ಯೋಚಿಸಿದರು. 1935ರಲ್ಲಿ ಫಲಿತಾಂಶ ಬಂದ ತಕ್ಷಣ ಬರೆದುಬಿಟ್ಟರು, ಆಮೇಲೆ ಆ ರೋಗಿಗಳು ಏನಾದರು ಅಂತ ಸಾಕಷ್ಟು ಕಾಲ ನೋಡಲಿಲ್ಲ. ನಾವೂ ಡೆಮೊ ದಿನ ಪ್ರಾಜೆಕ್ಟ್ ಒಂದು ಸಲ ಓಡಿದರೆ ಸಾಕು, ವರ್ಕಿಂಗ್ ಅಂತ ರಿಪೋರ್ಟಿನಲ್ಲಿ ಬರೀತೀವಿ. ನಮ್ಮ ಎಲ್‌ಇಡಿ ಆರಿದರೆ ಹೋಗೋದು ಮಾರ್ಕ್ಸ್ ಮಾತ್ರ. ನಾಳೆ ನಮ್ಮಲ್ಲೇ ಕೆಲವರು ಆಸ್ಪತ್ರೆಗೆ ಹೋಗುವ ಯಂತ್ರಗಳನ್ನು ಮಾಡ್ತಾರೆ. ಆಗ ಮೊದಲ ದಿನದ ಚಿತ್ರದ ಜೊತೆಗೆ ವರ್ಷ ಕಳೆದ ಮೇಲಿನ ಚಿತ್ರವನ್ನೂ ಕೇಳುವ ಅಭ್ಯಾಸ ನಮಗಿರಲಿ.