ಹನೋಯ್ ಗೋಪುರದ ಮೇಷ್ಟ್ರು

ಬಿ.ಇ. ಓದುವವರಿಗೆ ರಿಕರ್ಷನ್ ಪಾಠದಲ್ಲಿ ‘ಹನೋಯ್ ಗೋಪುರ’ ಎದುರಾಗಿಯೇ ಆಗುತ್ತದೆ. ಮೂರು ಗೂಟಗಳು, ಒಂದರಲ್ಲಿ ದೊಡ್ಡದರ ಮೇಲೆ ಚಿಕ್ಕದು ಬರುವಂತೆ ಪೇರಿಸಿದ ಬಿಲ್ಲೆಗಳು. ಒಂದು ಸಲಕ್ಕೆ ಒಂದೇ ಬಿಲ್ಲೆ ಎತ್ತಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ, ಇಡೀ ರಾಶಿ ಬೇರೊಂದು ಗೂಟಕ್ಕೆ ಹೋಗಬೇಕು. ಕಾಶಿಯ ದೇವಸ್ಥಾನದಲ್ಲಿ ಅರ್ಚಕರು 64 ಚಿನ್ನದ ಬಿಲ್ಲೆಗಳನ್ನು ಹೀಗೆ ಸಾಗಿಸುತ್ತಿದ್ದಾರೆ, ಮುಗಿದ ದಿನವೇ ಪ್ರಳಯ ಎಂಬ ಕಥೆಯೂ ಜೊತೆಗಿದೆ. ಕಾಶಿಯ ಹೆಸರು ಕೇಳಿ ಇದು ನಮ್ಮ ಹಿರಿಯರ ಆಟವೆಂದುಕೊಳ್ಳುವುದು ಸುಲಭ. ಆದರೆ ಆಟ ಹೊರಬಂದದ್ದು 1883ರಲ್ಲಿ, ಫ್ರಾನ್ಸಿನಲ್ಲಿ. ಮಾಡಿದವರು ಅಲ್ಲಿನ ಪ್ರೌಢಶಾಲೆಯ ಗಣಿತ ಮೇಷ್ಟ್ರು ಎದುವಾರ್ ಲುಕಾ.

ಲುಕಾ ಹುಟ್ಟಿದ್ದು 1842ರ ಏಪ್ರಿಲ್ 4ರಂದು, ಅಮಿಯಾಂ ಪಟ್ಟಣದಲ್ಲಿ. ಓದು ಮುಗಿಸಿ ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯದಲ್ಲಿ ಕೆಲಸ ಮಾಡಿದರು. 1870ರಲ್ಲಿ ಪ್ರಷ್ಯಾದೊಡನೆ ಯುದ್ಧವಾದಾಗ ಫಿರಂಗಿ ದಳದ ಅಧಿಕಾರಿಯಾದರು. ಆಮೇಲೆ ಮೂಲಾಂ ಊರಿನಲ್ಲಿ, ಕೊನೆಗೆ ಪ್ಯಾರಿಸ್ಸಿನ ಎರಡು ಶಾಲೆಗಳಲ್ಲಿ ಪಾಠ ಹೇಳಿದರು.

ಶಾಲೆಯ ಮೇಷ್ಟ್ರೆಂದು ಅವರ ಗಣಿತ ಸಣ್ಣದಾಗಿರಲಿಲ್ಲ. 2ನ್ನು 127 ಸಲ ಗುಣಿಸಿ 1 ಕಳೆದರೆ ಬರುವ 39 ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು 1876ರಲ್ಲಿ ತೋರಿಸಿದರು. ಕಂಪ್ಯೂಟರ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ. ಮುಂದಿನ 75 ವರ್ಷ ಅದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ. ಅವರ ವಿಧಾನವನ್ನು ಲೆಹ್ಮರ್ ತಿದ್ದಿ ಕೊಟ್ಟ ರೂಪ ಇಂದಿಗೂ ಕಂಪ್ಯೂಟರುಗಳಲ್ಲಿ ಓಡುತ್ತಿದೆ. 1, 1, 2, 3, 5, 8 ಎಂದು ಸಾಗುವ ಶ್ರೇಣಿಗೆ ಫಿಬೊನಾಚಿಯ ಹೆಸರು ನಿಲ್ಲುವಂತೆ ಮಾಡಿದವರೂ ಇವರೇ. (ನಮ್ಮ ಛಂದಸ್ಸಿನ ಪಂಡಿತರಿಗೆ ಅದು ಫಿಬೊನಾಚಿಗಿಂತ ಮೊದಲೇ ಗೊತ್ತಿತ್ತು, ಆ ಮಾತು ಬೇರೆ.)

ಹೀಗೆ ಬೇರೆಯವರ ಹೆಸರು ಉಳಿಸಿದವರು ತಮ್ಮ ಆಟದ ಪೆಟ್ಟಿಗೆಯ ಮೇಲೆ ಸ್ವಂತ ಹೆಸರನ್ನೇ ಹಾಕಲಿಲ್ಲ. ‘ಲುಕಾ, ಅಮಿಯಾಂ’ ಎಂಬುದರ ಫ್ರೆಂಚ್ ಅಕ್ಷರಗಳನ್ನು ಅದಲುಬದಲು ಮಾಡಿ ಸಿಯಾಮಿನ ಪ್ರೊಫೆಸರ್ ಕ್ಲೌಸ್ ಎಂಬ ಕಲ್ಪಿತ ವ್ಯಕ್ತಿಯನ್ನು ಸೃಷ್ಟಿಸಿದರು. ತಾವು ಪಾಠ ಮಾಡುತ್ತಿದ್ದ ಸೇಂಟ್ ಲೂಯಿ ಶಾಲೆಯ ಹೆಸರನ್ನೂ ಹಾಗೆಯೇ ಕಲಸಿ ಚೀನೀ ಕಾಲೇಜು ಮಾಡಿದರು! ಪೆಟ್ಟಿಗೆಯಲ್ಲಿದ್ದದ್ದು 8 ಬಿಲ್ಲೆ, ಬೇಕಾದ ನಡೆ 255. ಕಾಶಿಯ ಕಥೆಯ 64 ಬಿಲ್ಲೆಗಳಿಗೆ, ಸೆಕೆಂಡಿಗೊಂದು ನಡೆಯಂತೆ, ಸುಮಾರು 58,000 ಕೋಟಿ ವರ್ಷ.

1891ರಲ್ಲಿ ಮಾರ್ಸೇಲ್ಸ್ ನಗರದ ವಿಜ್ಞಾನ ಸಮ್ಮೇಳನದ ಊಟದ ವೇಳೆ ಪಿಂಗಾಣಿ ತಟ್ಟೆ ಒಡೆದು, ಚೂರು ಅವರ ಕೆನ್ನೆಗೆ ತಗುಲಿತು. ಆ್ಯಂಟಿಬಯೋಟಿಕ್ ಇಲ್ಲದ ಕಾಲ. ಗಾಯ ನಂಜಾಗಿ ಅಕ್ಟೋಬರ್ 3ರಂದು ತೀರಿಕೊಂಡರು, ವಯಸ್ಸು 49. ಗಣಿತ ವಿನೋದದ ಅವರ ಗ್ರಂಥದ ಕೊನೆಯ ಎರಡು ಸಂಪುಟಗಳು ಅಚ್ಚಾದದ್ದು ಆಮೇಲೆ.

ಆಟ ಮಾತ್ರ ಮನಶ್ಶಾಸ್ತ್ರದ ಪ್ರಯೋಗಶಾಲೆ ಸೇರಿತು. ಒಂದೇ ಉತ್ತರಕ್ಕೆ ಬೇರೆ ಬೇರೆ ಯೋಚನೆಗಳಿಂದ ತಲುಪಬಹುದೆಂದು ಹರ್ಬರ್ಟ್ ಸೈಮನ್ 1975ರಲ್ಲಿ ಇದೇ ಬಿಲ್ಲೆಗಳಿಂದ ವಿವರಿಸಿದರು: ಒಬ್ಬರು ಕೊನೆಯ ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕಬಹುದು, ಇನ್ನೊಬ್ಬರು ನಡೆಗಳನ್ನು ಬಾಯಿಪಾಠ ಮಾಡಿರಬಹುದು. ಕಂಪ್ಯೂಟರಿನಲ್ಲಿ ಆಡಿಸಿದಾಗ ನಡೆಗಳಷ್ಟೇ ಅಲ್ಲ, ಮೊದಲ ನಡೆಗೆ ಮುಂಚೆ ಎಷ್ಟು ಹೊತ್ತು ಸುಮ್ಮನೆ ಕೂತರು ಎಂಬುದನ್ನೂ ದಾಖಲಿಸಬಹುದು. ಇದರ ತಮ್ಮನಂತಿರುವ ‘ಲಂಡನ್ ಗೋಪುರ’ ಬೆಂಗಳೂರಿನ ನಿಮ್ಹಾನ್ಸ್‌ನ ಪರೀಕ್ಷಾ ಸರಣಿಯಲ್ಲಿದೆ. ರೋಗಿ ಮುಂದಾಲೋಚಿಸಿ ಕೆಲಸ ಮಾಡಬಲ್ಲರೇ ಎಂದು ಅದರಿಂದ ನೋಡುತ್ತಾರೆ.

ನಮ್ಮ ಹರವೆ ಶಾಲೆಯ ಮಕ್ಕಳಿಗೆ ಕಂಪ್ಯೂಟರೇ ಬೇಕೆಂದಿಲ್ಲ. ರಟ್ಟು ಕತ್ತರಿಸಿ ಐದು ಬಿಲ್ಲೆ ಮಾಡಿಕೊಳ್ಳಿ. ಗೂಟದ ಬದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಸುತ್ತು ಬರೆದರೂ ಸಾಕು. 31 ನಡೆಗಳಲ್ಲಿ ಮುಗಿಯಬೇಕು.