ಗುರ್ಲಹೊಸೂರಿನ ಲಕ್ಷ್ಮಣರಾಯರು ಮತ್ತು ಯಾರಿಗೂ ಬೇಡವಾದ ಕಬ್ಬಿಣದ ನೇಗಿಲು

ಮಿರಜದಿಂದ ಪುಣೆಗೆ ರೈಲಿನಲ್ಲಿ ಹೋಗುವವರಿಗೆ ದಾರಿಯಲ್ಲಿ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣ ಸಿಗುತ್ತದೆ. ಜತ್ತ ಇರುವ ಸಾಂಗಲಿ ಜಿಲ್ಲೆಯಲ್ಲೇ ಇದೆ ಈ ಊರು. 1910ಕ್ಕೆ ಮುಂಚೆ ಇಲ್ಲಿ ಊರೇ ಇರಲಿಲ್ಲ. ಪಾಪಸುಕಳ್ಳಿ ಬೆಳೆದ ಬರಡು ನೆಲ, ಹಾವುಗಳ ಕಾಟ. ಅಲ್ಲಿಗೆ ಹೆಂಡತಿ ಮಕ್ಕಳೊಂದಿಗೆ ಗಂಟುಮೂಟೆ ಕಟ್ಟಿಕೊಂಡು ಬಂದವರು 41ರ ಹೊಸ್ತಿಲಲ್ಲಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್.

ಇವರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಊರಮಾತು ಕನ್ನಡ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ಲಕ್ಷ್ಮಣರಾಯರಿಗೆ ಓದಿಗಿಂತ ಚಿತ್ರ ಬರೆಯುವುದೇ ಇಷ್ಟ. ತಂದೆಗೆ ಅದು ಒಪ್ಪಿಗೆ ಇರಲಿಲ್ಲ. ಅಣ್ಣ ರಾಮುಅಣ್ಣನವರ ಸಹಾಯದಿಂದ 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಆದರೆ ಕೆಲವು ಬಣ್ಣಗಳು ಅವರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತರು. ಅದೇ ವಿದ್ಯೆಯಿಂದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರ ಕೆಲಸ ಸಿಕ್ಕಿತು.

ಸರಕಾರಿ ನೌಕರಿ ಎಂದರೆ ಹುಲಿಯ ಮೀಸೆ ಸಿಕ್ಕಂತೆ ಎನ್ನುತ್ತಿದ್ದ ಕಾಲ. ಅಂಥ ಖಾಯಂ ಸಂಬಳವನ್ನು ಬಿಡುವುದು ಹುಡುಗಾಟವಲ್ಲ. ಬರಬೇಕಾಗಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾದಾಗ ಲಕ್ಷ್ಮಣರಾಯರು ಕೆಲಸ ಬಿಟ್ಟು ಬೆಳಗಾವಿಗೆ ಮರಳಿದರು. ಇದನ್ನು ಕೆಚ್ಚೆದೆಯ ಕಥೆಯಾಗಿ ಹೇಳುವವರು ಒಂದು ಮಾತನ್ನು ಮರೆಯುತ್ತಾರೆ. ನೌಕರಿಯಲ್ಲಿದ್ದಾಗಲೇ, 1888ರಲ್ಲಿ, ಅಣ್ಣತಮ್ಮಂದಿರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದ್ದರು. ತಮ್ಮ ಮುಂಬಯಿಯಿಂದ ಸೈಕಲ್ ಕಳಿಸುವುದು, ಅಣ್ಣ ಅದನ್ನು ಮಾರಿ ಹೊಡೆಯಲು ಕಲಿಸುವುದು. ಕಾಲಿಡಲು ಒಂದು ಕಲ್ಲು ಹಾಕಿಕೊಂಡೇ ಅವರು ಹಳ್ಳ ದಾಟಿದ್ದರು.

ಬೆಳಗಾವಿಯಲ್ಲಿ ಸಣ್ಣ ಕಾರ್ಖಾನೆ ಶುರುವಾಯಿತು. ಮೊದಲು ಮೇವು ಕತ್ತರಿಸುವ ಯಂತ್ರ. 1903ರಲ್ಲಿ ಕಬ್ಬಿಣದ ನೇಗಿಲು. ಮಗ ಶಂತನು ಸೊಲ್ಲಾಪುರದಲ್ಲಿ ಹುಟ್ಟಿದ್ದೂ ಅದೇ ವರ್ಷದ ಮೇ 28ರಂದು. ಮನೆಯಲ್ಲಿ ಕೂಸು, ಕಾರ್ಖಾನೆಯಲ್ಲಿ ನೇಗಿಲು. ನೇಗಿಲನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ನಂಜೇರುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಮರದ ರಂಟೆಯ ತುದಿಗೂ ಕಬ್ಬಿಣದ ಕುಳವೇ ಇರುತ್ತಿತ್ತು, ಆ ಮಾತು ಬೇರೆ! ಹಾಗಂತ ರೈತರನ್ನು ದಡ್ಡರು ಎನ್ನಲೂ ಆಗದು. ಮರದ ರಂಟೆ ಮುರಿದರೆ ಊರ ಬಡಿಗೇರ ಇದ್ದ, ಆಯ ಕೊಟ್ಟರೆ ಸಾಕು. ಕಬ್ಬಿಣದ್ದು ಮುರಿದರೆ ಯಾರ ಬಾಗಿಲಿಗೆ ಹೋಗಬೇಕು? ಒಂದು ಹಂಗಾಮು ಕೈಕೊಟ್ಟರೆ ಇಡೀ ವರ್ಷದ ಊಟ ಹೋಗುತ್ತದೆ.

ಮಾರುವವನ ಭಯಕ್ಕಿಂತ ಕೊಳ್ಳುವವನ ಭಯ ದೊಡ್ಡದಾಗಿತ್ತು. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ಬಳಸಿ ನೋಡಿದವರ ಹೊಲದಲ್ಲಿ ಮಣ್ಣು ಕೆಡಲಿಲ್ಲ, ಬೆಳೆಯೂ ಹೋಗಲಿಲ್ಲ. ಗಟ್ಟಿ ಎರೆ ಮಣ್ಣನ್ನು ಆಳಕ್ಕೆ ತಿರುವಿ ಹಾಕುವ ನೇಗಿಲು ಎಂಬ ಸುದ್ದಿ ಬಾಯಿಂದ ಬಾಯಿಗೆ ಹರಡಿತು.

ವ್ಯಾಪಾರ ಕುದುರುವ ಹೊತ್ತಿಗೆ ಇನ್ನೊಂದು ಪೆಟ್ಟು. ಹೊಸ ಬಡಾವಣೆಗೆ ಜಾಗ ಬೇಕೆಂದು ಬೆಳಗಾವಿ ಪುರಸಭೆ ಕಾರ್ಖಾನೆಯನ್ನು ಎಬ್ಬಿಸಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಔಂಧ್‌ನಲ್ಲಿ ಲಕ್ಷ್ಮಣರಾಯರು ಕಟ್ಟಡದ ಗುತ್ತಿಗೆ ಮಾಡಿದ್ದರಿಂದ ಪರಿಚಯವಿತ್ತು. ಔಂಧ್ ಒಂದೇ ತುಂಡಿನ ಸಂಸ್ಥಾನವಲ್ಲ. ಬಿಜಾಪುರದ ಕಡೆಯ ಗುಣದಾಳವೂ ಅದಕ್ಕೆ ಸೇರಿತ್ತು. ಅಂಥದೇ ಇನ್ನೊಂದು ತುಂಡು ಕುಂಡಲ. ಕುಂಡಲ ರೋಡ್ ನಿಲ್ದಾಣದ ಪಕ್ಕ 32 ಎಕರೆ ನೆಲ, ಜೊತೆಗೆ ಸಾಲ ಸಿಕ್ಕಿತು. ನೆಲ ಬರಡಾದರೂ ಪಕ್ಕದಲ್ಲೇ ರೈಲು. ಲೆಕ್ಕ ಬಲ್ಲ ಮನುಷ್ಯನಿಗೆ ಅಷ್ಟು ಸಾಕಾಯಿತು.

1910ರ ಮಾರ್ಚ್ 10ರಂದು ಕೆಲಸ ಶುರುವಾಯಿತು. ಬೆಳಗಾವಿಯಿಂದ ಸುಮಾರು 25 ಕೆಲಸಗಾರರು ಸಂಸಾರ ಸಮೇತ ಬಂದರು. ಧಣಿಯಾದರೂ ಧೈರ್ಯ ಮಾಡಿದ್ದು ತನ್ನ ಬಂಡವಾಳಕ್ಕಾಗಿ, ಈ 25 ಮನೆಗಳು ಮಾಡಿದ್ದು ಯಾವ ಭರವಸೆಯ ಮೇಲೆ? ಇವರ ಕಥೆಯನ್ನು ಯಾರೂ ಅಷ್ಟಾಗಿ ಬರೆದಿಲ್ಲ. ಕಳ್ಳಿ ಕಡಿದು ಮನೆ ಕಟ್ಟಿದರು. ಜೈಲು ಕಂಡು ಬಂದವರನ್ನೂ ಲಕ್ಷ್ಮಣರಾಯರು ಕಾವಲಿಗೆ ಇಟ್ಟುಕೊಂಡರು. ಹೊಸ ಊರಿನಲ್ಲಿ ಅಸ್ಪೃಶ್ಯತೆಗೆ ಜಾಗ ಇಲ್ಲ ಎಂದು ಕಟ್ಟು ಮಾಡಿದರು. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾದಾಗ ಕೊಲ್ಹಾಪುರದ ಶಾಹು ಮಹಾರಾಜರು ಕೊಟ್ಟ ಹಳೆಯ ತೋಪುಗಳನ್ನು ಕರಗಿಸಿ ನೇಗಿಲು ಎರಕ ಹೊಯ್ದರು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ನಂತರ ನೀರೆತ್ತುವ ಪಂಪು, ಎಂಜಿನ್ ಬಂದವು. ಅಮೆರಿಕದಲ್ಲಿ ಓದಿ 1926ರಲ್ಲಿ ಪದವಿ ಪಡೆದ ಶಂತನುರಾವ್ ತಂದೆಯ ಜೊತೆಗೂಡಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು; ಹಲವು ದಶಕ ನಡೆದ ಆ ಕಾರ್ಖಾನೆ ಈಗ ಮುಚ್ಚಿದೆ. ಕಿರ್ಲೋಸ್ಕರವಾಡಿಯದು ನಡೆಯುತ್ತಿದೆ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. 1969ರಲ್ಲಿ, ಅವರ ಜನ್ಮ ಶತಾಬ್ದಿಗೆ, ಅಂಚೆ ಇಲಾಖೆ ಅವರ ಚೀಟಿ ಹೊರತಂದಿತು. ಕುಂಡಲ ರೋಡ್ ನಿಲ್ದಾಣದ ಹೆಸರು ಅಷ್ಟು ಹೊತ್ತಿಗೆ ಕಿರ್ಲೋಸ್ಕರವಾಡಿ ಎಂದಾಗಿತ್ತು.